ಬ್ಯಾಂಕಿನವರು ವಿಮೆ ಮಾಡಿಸಿದ್ದಾರಲ್ಲ, ಸಾಲದೇ?: ಸಣ್ಣ ವ್ಯಾಪಾರಕ್ಕೆ ಪಾಲಿಸಿ ಆರಿಸುವ ಬಗೆ

ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹುಬ್ಬಳ್ಳಿಯ ದುರ್ಗದಬೈಲಿನ ಕಿರಾಣಿ ಅಂಗಡಿಯವರಿಂದ ಹಿಡಿದು ಬ್ಯಾಡಗಿಯ ಮೆಣಸಿನಕಾಯಿ ದಲಾಲರವರೆಗೆ, ವಿಮೆಯ ಮಾತು ಬಂದಾಗ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ‘ವರ್ಷಕ್ಕೆ ಎಷ್ಟು ಬೀಳುತ್ತದೆ?’ ಎಂಬುದು ಒಂದು. ‘ಬ್ಯಾಂಕಿನವರು ಆಗಲೇ ಮಾಡಿಸಿದ್ದಾರಲ್ಲ, ಮತ್ತೇಕೆ?’ ಎಂಬುದು ಇನ್ನೊಂದು. ಕೇಳಬೇಕಾದ ಪ್ರಶ್ನೆಗಳೇ, ಆದರೆ ಇವುಗಳ ಸರದಿ ಆಮೇಲಿನದು. ವಿಮಾ ಕಂಪನಿ ಹಣ ಕೊಡುವುದು ನಿಮ್ಮ ಕಷ್ಟ ನೋಡಿ ಅಲ್ಲ, ಕಾಗದ ನೋಡಿ. ಯಾವ ವಿಳಾಸದಲ್ಲಿದ್ದ, ಯಾವ ವಸ್ತುವಿಗೆ, ಎಷ್ಟು ಬೆಲೆಗೆ, ಯಾವ ಕಾರಣದಿಂದ ಆದ ನಷ್ಟ ಎಂಬ ನಾಲ್ಕು ಸಂಗತಿ ಪಾಲಿಸಿಯಲ್ಲಿ ಹೇಗೆ ಬರೆದಿದೆಯೋ ಅಷ್ಟಕ್ಕೆ ಮಾತ್ರ ಅದು ಹೊಣೆ. ಕೆಳಗಿನ ಹಂತಗಳೆಲ್ಲ ಈ ನಾಲ್ಕನ್ನು ಸರಿಯಾಗಿ ಬರೆಸಿಕೊಳ್ಳುವ ದಾರಿ.

ಏಜೆಂಟರನ್ನು ಕರೆಯುವ ಮೊದಲು ಇಷ್ಟನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ: ಕಳೆದ ಎರಡು ವರ್ಷದ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್‌ಗಳು, ಸ್ಟಾಕ್ ರಿಜಿಸ್ಟರ್, ಯಂತ್ರಗಳ ಬಿಲ್ಲು, ಬಾಡಿಗೆ ಕರಾರು ಪತ್ರ, ಉದ್ಯಮ್ ನೋಂದಣಿ ಪತ್ರ, ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ಮತ್ತು ಹಳೆಯ ಪಾಲಿಸಿಗಳು.

1. ಬ್ಯಾಂಕಿನ ಪಾಲಿಸಿಯ ಪ್ರತಿ ತರಿಸಿ, ಓದಿ

ಸಿ.ಸಿ. ಸಾಲ, ಅಂದರೆ ಮಾಲಿನ ಮೇಲೆ ಕೊಡುವ ಕ್ಯಾಶ್ ಕ್ರೆಡಿಟ್ ಸಾಲ, ತೆಗೆದುಕೊಂಡವರ ಸ್ಟಾಕಿಗೆ ಬ್ಯಾಂಕು ವಿಮೆ ಮಾಡಿಸಿರುತ್ತದೆ, ವಿಮೆಯ ಕಂತನ್ನು (ಪ್ರೀಮಿಯಂ) ನಿಮ್ಮ ಖಾತೆಯಿಂದಲೇ ಕಡಿತ ಮಾಡಿರುತ್ತದೆ. ಆ ಪಾಲಿಸಿಯನ್ನು ಕಣ್ಣಿನಿಂದ ನೋಡಿದ ವ್ಯಾಪಾರಿಗಳು ನನಗೆ ಸಿಕ್ಕಿದ್ದು ಬಹಳ ಕಡಿಮೆ. ಶಾಖೆಗೆ ಹೋಗಿ ಪ್ರತಿ ಕೇಳಿ. ಅದು ನಿಮ್ಮ ಹಕ್ಕು. ಕೈಗೆ ಬಂದ ಮೇಲೆ ಈ ಸಂಗತಿಗಳನ್ನು ನೋಡಿ.

ವಿಳಾಸ ಯಾವುದಿದೆ? ಅಂಗಡಿ ದಾಜಿಬಾನ ಪೇಟೆಯಲ್ಲಿ, ಮಾಲು ಅಮರಗೋಳದ ಎಪಿಎಂಸಿ ಗೋದಾಮಿನಲ್ಲಿ, ಪಾಲಿಸಿಯಲ್ಲಿರುವುದು ಸಾಲದ ಅರ್ಜಿಯಲ್ಲಿ ಬರೆದ ಮನೆ ವಿಳಾಸ. ಇಂಥದ್ದು ಅಪರೂಪವೇನಲ್ಲ. ಗೋದಾಮಿಗೆ ಬೆಂಕಿ ಬಿದ್ದರೆ ಆ ಕಾಗದದಿಂದ ಪ್ರಯೋಜನವಿಲ್ಲ.

ಮೊತ್ತ ಎಷ್ಟಿದೆ? ಸಾಲ 8 ಲಕ್ಷ ಇದ್ದರೆ ವಿಮೆಯೂ 8 ಲಕ್ಷಕ್ಕೆ ಇರುತ್ತದೆ, ಮಾಲು 20 ಲಕ್ಷದ್ದು ಇರುತ್ತದೆ. ಇದರ ಪರಿಣಾಮ ಏನೆಂದು ಮೂರನೇ ಹಂತದಲ್ಲಿ ಹೇಳುತ್ತೇನೆ.

ಅವಧಿ ಮುಗಿದಿದೆಯೇ? ಖಾತೆಯಲ್ಲಿ ಹಣವಿಲ್ಲದೆ ನವೀಕರಣ ತಪ್ಪಿ ಹೋಗಿದ್ದರೆ ಬ್ಯಾಂಕು ನಿಮಗೆ ಹೇಳಿಯೇ ಹೇಳುತ್ತದೆ ಎಂದು ನಂಬಿಕೊಂಡು ಕೂರಬೇಡಿ.

ಇನ್ನೊಂದು ಮಾತು. ಈ ಪಾಲಿಸಿಯಲ್ಲಿ ಬ್ಯಾಂಕಿನ ಷರತ್ತು ಇರುತ್ತದೆ. ಅಂದರೆ ನಷ್ಟದ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ, ಸಾಲಕ್ಕೆ ಜಮಾ ಆಗುತ್ತದೆ. ಇದು ಮುಖ್ಯವಾಗಿ ಬ್ಯಾಂಕಿನ ರಕ್ಷಣೆ. ನಿಮ್ಮದು ಅದರ ನೆರಳಿನಲ್ಲಿದೆ.

2. ಅಂಗಡಿಯೊಳಗೆ ಒಂದು ಸುತ್ತು ಹಾಕಿ

ಹಾಳೆ, ಪೆನ್ನು ಹಿಡಿದು ಬಾಗಿಲಿನಿಂದ ಹಿತ್ತಿಲಿನವರೆಗೆ ನಡೆಯಿರಿ. ಕಟ್ಟಡ, ಪೀಠೋಪಕರಣ, ಯಂತ್ರ, ಕಂಪ್ಯೂಟರ್, ಸ್ಟಾಕ್ ಎಂದು ಬೇರೆ ಬೇರೆ ಬರೆಯಿರಿ. ಕಟ್ಟಡ ಬಾಡಿಗೆಯದಾದರೆ ಅದರ ವಿಮೆ ಮಾಲೀಕರ ಜವಾಬ್ದಾರಿ, ಅದಕ್ಕೆ ನೀವು ಕಂತು ಕಟ್ಟಬೇಕಿಲ್ಲ. ಆದರೆ ನೀವು ಖರ್ಚು ಮಾಡಿ ಮಾಡಿಸಿದ ಕಪಾಟು, ಗಾಜಿನ ಮುಂಭಾಗ, ಒಳಚಾವಣಿ ನಿಮ್ಮವೇ.

ಈ ಸುತ್ತಿನಲ್ಲಿ ಜನ ಮರೆಯುವುದು ಬೇರೆಯವರ ಮಾಲನ್ನು. ದಲಾಲಿ ಅಂಗಡಿಯಲ್ಲಿ ರೈತರ ಚೀಲಗಳಿರುತ್ತವೆ. ಬೆಟಗೇರಿಯ ಮಗ್ಗದ ಮನೆಯಲ್ಲಿ ಧಣಿ ಕೊಟ್ಟ ನೂಲಿರುತ್ತದೆ. ರಿಪೇರಿ ಅಂಗಡಿಯಲ್ಲಿ ಗಿರಾಕಿಗಳ ಮೋಟಾರುಗಳಿರುತ್ತವೆ. ಇವು ನಿಮ್ಮ ಸುಪರ್ದಿಯಲ್ಲಿರುವ ಅಥವಾ ಕಮಿಷನ್ ಮೇಲೆ ಇಟ್ಟುಕೊಂಡಿರುವ ಸರಕು. ‘ಸ್ಟಾಕ್’ ಎಂಬ ಒಂದೇ ಪದ ಬರೆಸಿ ಸುಮ್ಮನಾದರೆ ಅವು ವಿಮೆಯ ಹೊರಗೆ ಉಳಿಯುತ್ತವೆ. ಸುಪರ್ದಿಯ ಮತ್ತು ಕಮಿಷನ್ ಸರಕು ಸೇರಿದೆ ಎಂದು ಪಾಲಿಸಿಯಲ್ಲಿ ಅಕ್ಷರದಲ್ಲಿ ಬರೆಸಿಕೊಳ್ಳಿ. ಬ್ಯಾಡಗಿ, ರಾಣೆಬೆನ್ನೂರು, ಗದಗಿನ ಅಡತಿ ವ್ಯಾಪಾರಿಗಳು ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನೇ ಇಡಲಿ.

3. ವಿಮಾ ಮೊತ್ತ: ಇಲ್ಲಿ ಕಂಜೂಸಿ ಮಾಡಬೇಡಿ

ನಷ್ಟವಾದಾಗ ಕಂಪನಿ ಕೊಡಬಹುದಾದ ಗರಿಷ್ಠ ಹಣವೇ ವಿಮಾ ಮೊತ್ತ. ಇದನ್ನು ಕಡಿಮೆ ಬರೆಸಿದರೆ ಕಂತು ಕಡಿಮೆಯಾಗುತ್ತದೆ, ನಿಜ. ‘ಇಡೀ ಅಂಗಡಿ ಎಲ್ಲಿ ಸುಡುತ್ತದೆ? ಅರ್ಧಕ್ಕೆ ಮಾಡಿಸಿದರೆ ಸಾಕು’ ಎಂಬ ಜಾಣತನ ಕೈಕೊಡುವುದು ಇಲ್ಲೇ. 

ಗದಗಿನ ಒಂದು ಬಟ್ಟೆ ಅಂಗಡಿಯ ಲೆಕ್ಕ ಹಾಕೋಣ. ದೀಪಾವಳಿ ಮುಂದೆ ಒಳಗಿರುವ ಮಾಲು 30 ಲಕ್ಷದ್ದು. ವಿಮೆ 15 ಲಕ್ಷಕ್ಕೆ. ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಹತ್ತಿ 6 ಲಕ್ಷದ ಬಟ್ಟೆ ಸುಟ್ಟಿತು. 6 ಲಕ್ಷ ಎಂಬುದು 15ರೊಳಗೇ ಇದೆಯಲ್ಲ, ಪೂರ್ತಿ ಬರಬೇಕು ಎಂದು ನಿಮಗೆ ಅನ್ನಿಸುತ್ತದೆ. ಬರುವುದಿಲ್ಲ. ಇರುವ ಮಾಲಿನ ಅರ್ಧಕ್ಕೆ ಮಾತ್ರ ನೀವು ವಿಮೆ ಮಾಡಿಸಿದ್ದೀರಿ, ಉಳಿದರ್ಧಕ್ಕೆ ನೀವೇ ವಿಮಾ ಕಂಪನಿ ಎಂಬುದು ಅವರ ಲೆಕ್ಕ. ಸಿಗುವುದು 3 ಲಕ್ಷ. ಅದರಲ್ಲೂ ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಮೊದಲ ಪಾಲು, ಕಳೆಯುತ್ತದೆ. ಕಾಗದಗಳಲ್ಲಿ ಇದಕ್ಕೆ ‘ಆವರೇಜ್ ಷರತ್ತು’ ಎಂದು ಹೆಸರು.

ಮುಂದೆ ಹೇಳಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಇದಕ್ಕೆ ಸ್ವಲ್ಪ ರಿಯಾಯಿತಿ ಇದೆ: ವಿಮಾ ಮೊತ್ತ ನಿಜವಾದ ಬೆಲೆಗಿಂತ ಶೇ 15ರಷ್ಟು ಕಡಿಮೆಯಿದ್ದರೂ ಕಡಿತ ಮಾಡುವುದಿಲ್ಲ. ಮೇಲಿನ ಅಂಗಡಿಯವರು ಕನಿಷ್ಠ 25.5 ಲಕ್ಷಕ್ಕೆ ಮಾಡಿಸಿದ್ದರೆ ಆವರೇಜ್ ಕಡಿತ ಆಗುತ್ತಿರಲಿಲ್ಲ.

ಬೆಲೆ ಕಟ್ಟುವಾಗ ಸ್ಟಾಕಿಗೆ ನೀವು ಕೊಂಡ ಬೆಲೆ ಮತ್ತು ಸಾಗಣೆ ಖರ್ಚು ಹಿಡಿಯಿರಿ, ಮಾರುವ ಬೆಲೆಯನ್ನಲ್ಲ. ಮಾರಿದ್ದರೆ ಬರುತ್ತಿದ್ದ ಲಾಭ ಈ ಪಾಲಿಸಿಯಲ್ಲಿ ಸಿಗುವುದಿಲ್ಲ. ಸುಮ್ಮನೆ ಕಂತು ಏರುತ್ತದೆ. ಯಂತ್ರಕ್ಕೆ ಮಾತ್ರ ಲೆಕ್ಕ ತಿರುಗುಮುರುಗು. ಹತ್ತು ವರ್ಷದ ಹಿಂದೆ ಕೊಂಡ ಬೆಲೆಯಾಗಲಿ, ಸವಕಳಿ ಕಳೆದು ಲೆಕ್ಕಪುಸ್ತಕದಲ್ಲಿ ಉಳಿದ ಬೆಲೆಯಾಗಲಿ ಬೇಡ. ಅದೇ ಸಾಮರ್ಥ್ಯದ ಹೊಸ ಯಂತ್ರ ಇಂದು ಎಷ್ಟಕ್ಕೆ ಸಿಗುತ್ತದೆಯೋ ಅದನ್ನು ಬರೆಸಿ. ನಾವು ಲೆಕ್ಕಿಗರು ಕೊಡುವ ಬ್ಯಾಲೆನ್ಸ್ ಶೀಟಿನಿಂದ ಅಂಕಿ ಎತ್ತಿ ಪಾಲಿಸಿಗೆ ಹಾಕುವವರಿದ್ದಾರೆ. ಆ ಅಂಕಿ ತೆರಿಗೆಗೆ ಸರಿ, ವಿಮೆಗೆ ಸರಿಯಲ್ಲ.

ಸುಗ್ಗಿಯ ಏರಿಳಿತ ನಮ್ಮ ಭಾಗದ ದೊಡ್ಡ ತೊಡಕು. ಬ್ಯಾಡಗಿಯ ವ್ಯಾಪಾರಿಯ ಬಳಿ ಆವಕ ಜೋರಾಗಿರುವ ತಿಂಗಳಲ್ಲಿ ಇರುವ ಮಾಲು ಮಳೆಗಾಲದಲ್ಲಿ ಇರುವುದಿಲ್ಲ. ವರ್ಷದ ಸರಾಸರಿಗೆ ವಿಮೆ ಮಾಡಿಸಿದರೆ ಸುಗ್ಗಿಯಲ್ಲಿ ಕೊರತೆ. ಇದಕ್ಕೆ ಎರಡು ಏರ್ಪಾಡುಗಳಿವೆ. ಡಿಕ್ಲರೇಷನ್ ಪಾಲಿಸಿಯಲ್ಲಿ ಗರಿಷ್ಠ ಮೊತ್ತಕ್ಕೆ ವಿಮೆ ಮಾಡಿಸಿ, ಇರುವ ಸ್ಟಾಕನ್ನು ಆಗಾಗ ಕಂಪನಿಗೆ ತಿಳಿಸುತ್ತಾ ಹೋಗುತ್ತೀರಿ. ವರ್ಷದ ಕೊನೆಗೆ ಕಂತಿನ ಲೆಕ್ಕ ಸರಿಮಾಡುತ್ತಾರೆ. ಫ್ಲೋಟರ್ ಪಾಲಿಸಿಯಲ್ಲಿ ಎರಡು ಮೂರು ಗೋದಾಮುಗಳಿಗೆ ಸೇರಿ ಒಂದೇ ಮೊತ್ತ. ಮಾಲು ಇವತ್ತು ಅಂಗಡಿಯಲ್ಲಿ, ನಾಳೆ ಶೀತಲಗೃಹದಲ್ಲಿ ಇದ್ದರೂ ನಡೆಯುತ್ತದೆ. ಆದರೆ ಎಲ್ಲ ವಿಳಾಸಗಳೂ ಪಟ್ಟಿಯಲ್ಲಿರಬೇಕು. ಡಿಕ್ಲರೇಷನ್ ಕಳಿಸುವ ಶಿಸ್ತು ನಿಮಗಿಲ್ಲವೆಂದು ನಿಮಗೇ ಗೊತ್ತಿದ್ದರೆ ಸುಗ್ಗಿಯ ಗರಿಷ್ಠ ಮೊತ್ತಕ್ಕೇ ಸಾದಾ ಪಾಲಿಸಿ ಮಾಡಿಸಿಬಿಡಿ.

4. ಬುನಾದಿ ಪಾಲಿಸಿ

ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ಹಳೆಯ ಬೆಂಕಿ ಪಾಲಿಸಿಯ ಜಾಗದಲ್ಲಿ ಹೊಸ ನಮೂನೆಗಳನ್ನು ತಂದಿತು. ಒಂದು ಜಾಗದಲ್ಲಿರುವ ಕಟ್ಟಡ, ಯಂತ್ರ, ಮಾಲು ಎಲ್ಲ ಸೇರಿ 5 ಕೋಟಿ ರೂಪಾಯಿ ಮೀರದಿದ್ದರೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. 5 ಕೋಟಿ ದಾಟಿ 50 ಕೋಟಿಯವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಇದನ್ನು ಓದುತ್ತಿರುವ ಬಹುತೇಕರಿಗೆ ಮೊದಲನೆಯದೇ ಅನ್ವಯ. ಮೂಲ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ. ಹಾಗಾಗಿ ‘ನಮ್ಮ ಪಾಲಿಸಿಯೇ ಬೇರೆ’ ಎಂದು ಹೇಳುವವರಿಗೆ ‘ಮೂಲದಲ್ಲಿ ಏನು ಬೇರೆ, ತೋರಿಸಿ’ ಎನ್ನಿ. 

ಇದರೊಳಗೆ ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ವಾಹನ ಡಿಕ್ಕಿ, ನೀರಿನ ಟ್ಯಾಂಕ್ ಒಡೆಯುವುದು, ಗಲಭೆ ಮತ್ತು ಮುಷ್ಕರ ಸೇರಿವೆ. ಇಂಥ ಘಟನೆಯ ಗದ್ದಲದಲ್ಲಿ 7 ದಿನದೊಳಗೆ ಆದ ಕಳ್ಳತನಕ್ಕೂ ರಕ್ಷಣೆ ಇದೆ. ಅವಶೇಷ ತೆಗೆಸುವ ಖರ್ಚಿಗೆ ಕ್ಲೇಮಿನ ಶೇ 2ರವರೆಗೆ ಪ್ರತ್ಯೇಕವಾಗಿ ಸಿಗುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕುಗಳಲ್ಲಿ ನೀರು ನುಗ್ಗಿದ್ದು, 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಬೆಲೆ ಕುಸಿತದಿಂದ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ನೆನಪಿರುವವರಿಗೆ ನೆರೆ, ಗಲಭೆ ಎಂಬ ಪದಗಳ ತೂಕ ಬಿಡಿಸಿ ಹೇಳಬೇಕಿಲ್ಲ. ಒಂದು ಭೇದ ಮಾತ್ರ ತಿಳಿದಿರಲಿ: ರಸ್ತೆಯಲ್ಲಿ ನಿಂತ ವಾಹನ ಈ ಪಾಲಿಸಿಯಲ್ಲಿ ಬರುವುದಿಲ್ಲ. ಅದಕ್ಕೆ ವಾಹನ ವಿಮೆಯೇ ಬೇಕು, ಅದೂ ಸಮಗ್ರ ವಿಮೆ. ಕಾನೂನಿಗಾಗಿ ಮಾಡಿಸುವ ಥರ್ಡ್ ಪಾರ್ಟಿ ವಿಮೆ ಎದುರಿನವರ ನಷ್ಟಕ್ಕೆ, ನಿಮ್ಮ ಟಾಟಾ ಏಸ್ ಸುಟ್ಟರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ.

ಇದು ಹೆಸರಿಸಿದ ಅಪಾಯಗಳ ಪಾಲಿಸಿ. ಪಟ್ಟಿಯಲ್ಲಿ ಹೆಸರಿಲ್ಲದ ಕಾರಣಕ್ಕೆ ಹಣವಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿಯಿತು. ಭೂಕುಸಿತಕ್ಕೆ ರಕ್ಷಣೆ ಇದೆಯೆಂದರೆ ಕಟ್ಟಡ ಕುಸಿತಕ್ಕೂ ಇದೆ ಎಂದು ತಿಳಿಯಬೇಡಿ. ಕಳಪೆ ಸಾಮಗ್ರಿ, ದೋಷದ ವಿನ್ಯಾಸ, ಕೆಟ್ಟ ಕಾಮಗಾರಿಯಿಂದ ಆದ ಹಾನಿಯನ್ನು ಪಾಲಿಸಿ ಹೊರಗಿಟ್ಟಿದೆ. ಹೊಸ ಕಾಂಪ್ಲೆಕ್ಸಿನಲ್ಲಿ ಮಳಿಗೆ ಹಿಡಿಯುವಾಗ ನಗರಪಾಲಿಕೆಯ ಅನುಮತಿ ಪತ್ರ ನೋಡಿಯೇ ಮುಂಗಡ ಕೊಡಿ. ಈ ಅಪಾಯಕ್ಕೆ ನಿಮಗಿರುವ ರಕ್ಷಣೆ ಅದೇ.

ಹೊರಗಿಟ್ಟ ಸಂಗತಿಗಳಲ್ಲಿ ನಮ್ಮ ಭಾಗದವರು ಗಮನಿಸಬೇಕಾದವು ಇನ್ನೂ ಎರಡಿವೆ. ಶೀತಲಗೃಹದಲ್ಲಿ ಉಷ್ಣತೆ ಏರುಪೇರಾಗಿ ಮೆಣಸಿನಕಾಯಿ ಕೆಟ್ಟರೆ ಪರಿಹಾರವಿಲ್ಲ. ಅದಕ್ಕೆ ಸರಕು ಕೆಡುವಿಕೆಯ ಪಾಲಿಸಿ ಬೇರೆಯೇ ಇದೆ. ಶೀತಲಗೃಹದವರು ಏನೇನಕ್ಕೆ ವಿಮೆ ಮಾಡಿಸಿದ್ದಾರೆ, ಅದರಲ್ಲಿ ಬಾಡಿಗೆಗೆ ಇಟ್ಟವರ ಮಾಲು ಸೇರಿದೆಯೇ ಎಂದು ಚೀಲ ಇಳಿಸುವ ಮೊದಲೇ ಲಿಖಿತವಾಗಿ ಕೇಳಿ. ಎರಡನೆಯದು ವಿದ್ಯುತ್ ದೋಷ. ಗದಗಿನ ಮುದ್ರಣಾಲಯದಲ್ಲಿ ವೋಲ್ಟೇಜ್ ಏರಿ ಯಂತ್ರದ ಮೋಟಾರು ಸುಟ್ಟರೆ ಆ ಮೋಟಾರಿಗೆ ಹಣವಿಲ್ಲ. ಅಲ್ಲಿಂದ ಬೆಂಕಿ ಹಬ್ಬಿ ಕಾಗದದ ರಾಶಿ ಸುಟ್ಟರೆ ಕಾಗದಕ್ಕೆ ಇದೆ. ಮೋಟಾರಿಗೂ ಬೇಕೆಂದರೆ ಯಂತ್ರ ಕೆಡುವಿಕೆಯ ಪಾಲಿಸಿ ಮಾಡಿಸಿ.

5. ಮೇಲೆ ಸೇರಿಸಬೇಕಾದವು

ಎಲ್ಲವೂ ಎಲ್ಲರಿಗೂ ಬೇಡ. ನಿಮ್ಮ ವ್ಯಾಪಾರ ಎಲ್ಲಿ ಸೋರುತ್ತದೆ ಎಂಬುದು ನಿಮಗೇ ಗೊತ್ತು.

ಕಳ್ಳತನ: ಬೀಗ ಒಡೆದು, ಶಟರ್ ಎತ್ತಿ, ಗೋಡೆ ಕೊರೆದು ಒಳನುಗ್ಗಿದ ಗುರುತು ಇದ್ದರೆ ಮಾತ್ರ ಈ ವಿಮೆಯಲ್ಲಿ ಹಣ. ಹಗಲಲ್ಲಿ ಗಿರಾಕಿಯಂತೆ ಬಂದು ಸೀರೆ ಎತ್ತಿಕೊಂಡು ಹೋದರೆ ಇಲ್ಲ. ವರ್ಷದ ಕೊನೆಗೆ ಎಣಿಸಿದಾಗ ಮಾಲು ಕಡಿಮೆ ಬಂದರೆ ಅದಕ್ಕೂ ಇಲ್ಲ. ನೌಕರನೇ ಕದ್ದಿದ್ದರೆ ಅದು ಫಿಡೆಲಿಟಿ ಗ್ಯಾರಂಟಿ ಎಂಬ ಬೇರೆ ವಿಮೆಯ ವಿಷಯ.

ನಗದು: ಎಪಿಎಂಸಿಯಲ್ಲಿ ಹಣ ಎಣಿಸಿ ಬ್ಯಾಂಕಿಗೆ ಒಯ್ಯುವವರು ಹಣದ ವಿಮೆಯನ್ನು ಯೋಚಿಸಲೇಬೇಕು. ದಾರಿಯಲ್ಲಿರುವ ಹಣಕ್ಕೆ ಒಂದು ಮಿತಿ, ರಾತ್ರಿ ತಿಜೋರಿಯಲ್ಲಿ ಉಳಿಯುವ ಹಣಕ್ಕೆ ಇನ್ನೊಂದು. ಗಲ್ಲಾಪೆಟ್ಟಿಗೆಯಲ್ಲೇ ಹಣ ಬಿಟ್ಟು ಮನೆಗೆ ಹೋಗುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ.

ಸಾಗಣೆ: ಇದಕ್ಕೆ ಮರೈನ್ ಎಂದು ಹೆಸರು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಲಾರಿಯಲ್ಲಿ ಹೋಗುವ ಮಾಲಿಗೂ ಸಮುದ್ರದ ಹೆಸರೇ! ಲಾರಿಯ ವಿಮೆ ಲಾರಿಗೆ, ಒಳಗಿನ ಮಾಲಿಗೆ ಅಲ್ಲ. ತಿಂಗಳಿಗೆ ನಾಲ್ಕಾರು ಲೋಡು ಕಳಿಸುವವರು ಪ್ರತಿ ಲೋಡಿಗೂ ಬೇರೆ ವಿಮೆ ಮಾಡಿಸದೆ ವರ್ಷದ ಓಪನ್ ಪಾಲಿಸಿ ಪಡೆಯಬಹುದು.

ಹೋಟೆಲ್, ಖಾನಾವಳಿ, ಪೇಢೆ ಅಂಗಡಿಯವರಿಗೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಉಪಯುಕ್ತ. ನಿಮ್ಮ ಅಂಗಡಿಯಲ್ಲಿ ಗಿರಾಕಿಗೆ ಗಾಯವಾಗಿ ಪರಿಹಾರ ಕೇಳಿದರೆ ಅದು ನೆರವಿಗೆ ಬರುತ್ತದೆ. ತಿಂದು ಆರೋಗ್ಯ ಕೆಟ್ಟ ದೂರು ಅದರಲ್ಲಿ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ.

ಚಿಕ್ಕ ಅಂಗಡಿಗಳಿಗೆ ಇವನ್ನೆಲ್ಲ ಕಟ್ಟುಕಟ್ಟಿ ‘ಶಾಪ್‌ಕೀಪರ್’ ಪಾಲಿಸಿ ಎಂದು ಕೊಡುತ್ತಾರೆ. ಕೆಟ್ಟದ್ದಲ್ಲ. ಆದರೆ ಕಟ್ಟು ಬಿಚ್ಚಿ ನೋಡಿ. ಹೊಳೆಯುವ ನಾಮಫಲಕಕ್ಕೆ ರಕ್ಷಣೆ ಇದ್ದು, ಕಳ್ಳತನದ ವಿಭಾಗದಲ್ಲಿ ಮೊತ್ತ ಪುಡಿಗಾಸು ಇದ್ದರೆ ಅದರಿಂದೇನು?

6. ಕೆಲಸಗಾರರು

ನಮ್ಮ ವ್ಯಾಪಾರಿಗಳು ಅತಿ ಹೆಚ್ಚು ಅಸಡ್ಡೆ ಮಾಡುವುದು ಇಲ್ಲಿಯೇ. ಕೆಲಸದ ವೇಳೆ ನೌಕರನಿಗೆ ಗಾಯವಾದರೆ, ಜೀವ ಹೋದರೆ ಪರಿಹಾರ ಕೊಡುವುದು ಮಾಲೀಕರ ಕಾನೂನುಬದ್ಧ ಹೊಣೆ. 1923ರ ನೌಕರರ ಪರಿಹಾರ ಕಾಯಿದೆಯಿಂದ ಬಂದ ಈ ಹೊಣೆ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲೂ ಮುಂದುವರಿದಿದೆ. ಮರಣ ಸಂಭವಿಸಿದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಶದಿಂದ ಗುಣಿಸುತ್ತಾರೆ. 30 ವರ್ಷದವರಿಗೆ ಆ ಅಂಶ 207.98. ತಿಂಗಳ ಕೂಲಿ 15,000 ರೂಪಾಯಿ ಎಂದರೆ 7,500ನ್ನು ಅದರಿಂದ ಗುಣಿಸಿ: 15,59,850 ರೂಪಾಯಿ. ಇಷ್ಟು ಹಣವನ್ನು ಕೈಯಿಂದ ಕೊಟ್ಟು ಅಂಗಡಿ ಉಳಿಸಿಕೊಳ್ಳಬಲ್ಲ ಸಣ್ಣ ವ್ಯಾಪಾರಿಗಳು ಎಷ್ಟು ಜನ?

ಸಾಮಾನ್ಯವಾಗಿ 10 ಅಥವಾ ಹೆಚ್ಚು ನೌಕರರಿದ್ದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅನ್ವಯವಾಗುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಅದರಡಿ ಬರುತ್ತಾರೆ, ಮಾಲೀಕರ ವಂತಿಗೆ ಶೇ 3.25, ನೌಕರರದ್ದು ಶೇ 0.75. ಇಎಸ್‌ಐ ಇಲ್ಲದವರು ನೌಕರರ ಪರಿಹಾರ ಪಾಲಿಸಿ ಮಾಡಿಸಲೇಬೇಕು. ನೌಕರರ ಸಂಖ್ಯೆ ಮತ್ತು ಕೂಲಿಯನ್ನು ಕಡಿಮೆ ತೋರಿಸಬೇಡಿ. ದಿನಗೂಲಿಯವರು, ಗುತ್ತಿಗೆಯ ಹಮಾಲರು ಸೇರಿದ್ದಾರೆಯೇ ನೋಡಿ.

‘ಎಲ್ಲರಿಗೂ 20 ರೂಪಾಯಿಯ ವಿಮೆ ಮಾಡಿಸಿದ್ದೇನೆ’ ಎಂದು ಹೇಳುವವರಿದ್ದಾರೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಸಿಗುತ್ತದೆ, ಮಾಡಿಸಿರುವುದು ಒಳ್ಳೆಯದೇ. ಆದರೆ ಅದು ನೌಕರರ ಸ್ವಂತ ವಿಮೆ. ನಿಮ್ಮ ಕಾನೂನಿನ ಹೊಣೆಯಲ್ಲಿ ಅದರಿಂದ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

7. ದರ ಕೇಳಿ, ಹಣ ಕಟ್ಟಿ

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಒಂದೇ ಪಟ್ಟಿಯನ್ನು ಕನಿಷ್ಠ ಮೂರು ಕಡೆ ಕೊಟ್ಟು ದರ ತರಿಸಿ. ಮೊತ್ತ, ವಿಳಾಸ, ಹೆಚ್ಚುವರಿ ರಕ್ಷಣೆ, ಡಿಡಕ್ಟಿಬಲ್ ಎಲ್ಲವೂ ಒಂದೇ ಆಗಿದ್ದರೆ ಮಾತ್ರ ಹೋಲಿಕೆಗೆ ಅರ್ಥ. ಅಗ್ಗದ ದರದ ಹಿಂದೆ ಸಾಮಾನ್ಯವಾಗಿ ಕಡಿಮೆ ಮೊತ್ತವೋ ಹೆಚ್ಚಿನ ಡಿಡಕ್ಟಿಬಲ್ಲೋ ಅಡಗಿರುತ್ತದೆ.

ಅರ್ಜಿಯನ್ನು ಏಜೆಂಟರು ತುಂಬಿದರೂ ಸಹಿ ನಿಮ್ಮದು. ಕಿರಾಣಿ ಎಂದು ಬರೆದು ಒಳಗೆ ಪಟಾಕಿ, ಥಿನ್ನರ್ ಇಟ್ಟಿದ್ದರೆ ಕ್ಲೇಮು ನಿಲ್ಲುವುದಿಲ್ಲ. ತಗಡಿನ ಶೆಡ್ಡನ್ನು ಆರ್‌ಸಿಸಿ ಎಂದು ಬರೆಸಬೇಡಿ. 

ಕಂತು ಕಂಪನಿಗೆ ತಲುಪದ ಹೊರತು ರಕ್ಷಣೆ ಶುರುವಾಗುವುದಿಲ್ಲ. ವಿಮಾ ಕಾಯಿದೆಯ 64 ವಿಬಿ ಕಲಮು ಹೇಳುವುದು ಇದನ್ನೇ. ಚೆಕ್ ವಾಪಸಾದರೆ ಪಾಲಿಸಿ ಕೈಯಲ್ಲಿದ್ದರೂ ವಿಮೆ ಇಲ್ಲ. ಏಜೆಂಟರ ಕೈಗೆ ನಗದು ಕೊಡದೆ ಕಂಪನಿಯ ಹೆಸರಿಗೇ ಆನ್‌ಲೈನಿನಲ್ಲಿ ಕಟ್ಟಿ. ವ್ಯಾಪಾರದ ಪಾಲಿಸಿಗಳ ಕಂತಿಗೆ ಶೇ 18 ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರಿನಲ್ಲಿ ತೆರಿಗೆ ತೆಗೆದದ್ದು ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ ಮಾತ್ರ. ನಿಮ್ಮ ಜಿಎಸ್‌ಟಿ ಸಂಖ್ಯೆಯನ್ನು ಪಾಲಿಸಿಯಲ್ಲಿ ಹಾಕಿಸಿಕೊಳ್ಳಿ, ಹೂಡುವಳಿ ತೆರಿಗೆಯ ಲಾಭ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯಲು ಅದು ಬೇಕು.

ಅಂಗಡಿ ಬದಲಾಯಿಸಿದರೆ, ಹೊಸ ಗೋದಾಮು ಹಿಡಿದರೆ, ಗೋದಾಮಿಗೆ ತಿಂಗಳುಗಟ್ಟಲೆ ಬೀಗ ಹಾಕಿದರೆ ಕಂಪನಿಗೆ ತಿಳಿಸಿ ಎಂಡಾರ್ಸ್‌ಮೆಂಟ್, ಅಂದರೆ ತಿದ್ದುಪಡಿ ಪತ್ರ, ಪಡೆಯಿರಿ. ಏಜೆಂಟರಿಗೆ ಫೋನಿನಲ್ಲಿ ಹೇಳಿದ್ದು ತಿಳಿಸಿದಂತಲ್ಲ.

8. ನಷ್ಟವಾದ ದಿನ

ಬೆಂಕಿಯಾದರೆ ಅಗ್ನಿಶಾಮಕ ದಳಕ್ಕೆ, ಕಳ್ಳತನವಾದರೆ ಪೊಲೀಸರಿಗೆ, ತಕ್ಷಣವೇ ವಿಮಾ ಕಂಪನಿಗೆ ತಿಳಿಸಿ. ಬ್ಯಾಂಕಿನ ಸಾಲವಿದ್ದರೆ ಅವರಿಗೂ ಹೇಳಿ. ಹಾನಿ ಹೆಚ್ಚದಂತೆ ಉಳಿದ ಮಾಲನ್ನು ಬೇರ್ಪಡಿಸುವುದು ನಿಮ್ಮ ಕರ್ತವ್ಯ, ಆದರೆ ಸರ್ವೇಯರ್ ಬರುವ ಮೊದಲು ಸುಟ್ಟಿದ್ದನ್ನು ಹೊರಗೆಸೆದು ಅಂಗಡಿ ತೊಳೆಯಬೇಡಿ. ಸರ್ವೇಯರ್ ಎಂದರೆ ನಷ್ಟದ ಅಂದಾಜು ಮಾಡುವ ಪರವಾನಗಿ ಪಡೆದ ತಜ್ಞರು. ಮೂಲೆಮೂಲೆಯ ಫೋಟೊ, ವಿಡಿಯೊ ತೆಗೆದಿಡಿ.

ಸರ್ವೇಯರ್ ಕೇಳುವುದು ಖರೀದಿ ಬಿಲ್ಲು, ಎಪಿಎಂಸಿ ಪಟ್ಟಿಗಳು, ಸ್ಟಾಕ್ ರಿಜಿಸ್ಟರ್. ಅವೂ ಅಂಗಡಿಯಲ್ಲೇ ಇದ್ದು ಸುಟ್ಟಿದ್ದರೆ? ಅದಕ್ಕೇ ಪ್ರತಿ ತಿಂಗಳು ಒಂದು ಪ್ರತಿ ಮನೆಯಲ್ಲೋ ಇಮೇಲಿನಲ್ಲೋ ಇರಲಿ. ಬಿಲ್ಲಿಲ್ಲದೆ ಬರೀ ಚೀಟಿಯ ಮೇಲೆ ವ್ಯಾಪಾರ ಮಾಡಿ ಲೆಕ್ಕಕ್ಕೆ ತೋರಿಸದ ಮಾಲಿಗೆ ಕ್ಲೇಮು ಕೇಳುವ ದಾರಿಯಿಲ್ಲ. ಬಿಲ್ಲಿಲ್ಲದ ಖರೀದಿಯಲ್ಲಿ ಉಳಿಸಿದ ತೆರಿಗೆ ಆ ದಿನ ಬಡ್ಡಿ ಸಮೇತ ಹೋಗುತ್ತದೆ.

ಕೊಟ್ಟ ಮೊತ್ತ ಒಪ್ಪಿಗೆಯಾಗದಿದ್ದರೆ ‘ಪೂರ್ಣ ಮತ್ತು ಅಂತಿಮ’ ಎಂಬ ರಸೀದಿಗೆ ಅವಸರದಲ್ಲಿ ಸಹಿ ಮಾಡಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತ ದೂರು ಕೊಡಿ. ಅವರು ತಿರಸ್ಕರಿಸಿದರೆ ಅಥವಾ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿಯ, ಕಚೇರಿಗೆ ಹೋಗಬಹುದು. ಏಕವ್ಯಕ್ತಿ ಮಾಲೀಕತ್ವದ ಅಂಗಡಿಗಳಿಗೂ ಸೂಕ್ಷ್ಮ ಉದ್ಯಮಗಳಿಗೂ ಇಲ್ಲಿ ಅವಕಾಶವಿದೆ. 50 ಲಕ್ಷ ರೂಪಾಯಿವರೆಗಿನ ಪರಿಹಾರದ ದೂರುಗಳನ್ನು ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕಂಪನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ದೂರು ಅಲ್ಲಿರಬೇಕು. ಪಾಲಿಸಿ, ಸರ್ವೇಯರ್ ವರದಿ ಮತ್ತು ನೀವು ಕಳಿಸಿದ ಪತ್ರಗಳ ಪ್ರತಿಗಳನ್ನು ಜೊತೆಗೆ ಲಗತ್ತಿಸಿ.